ನೆಲ್ಲಿಮರದ ನೆರಳೂ ಬಿಳಿ ಮಾತ್ರೆಯೂ

ನಮ್ಮೂರಲ್ಲಿ ಯಾರೂ ಯಾರನ್ನೂ "ಊಟ ಆಯ್ತಾ?" ಎಂದು ಕೇಳುವುದಿಲ್ಲ. ಎದುರಿಗೆ ಬಂದವರ ಕಾಲಬುಡ ನೋಡಿದರೆ ಸಾಕು, ಗೊತ್ತಾಗುತ್ತದೆ. ಮುದ್ದೆ ಉಂಡು ಬಂದವರ ನೆರಳು ರಾಗಿತೆನೆಯಾಗಿ, ಬೆರಳು ಮಡಿಚಿಕೊಂಡು ತೂಗುತ್ತಿರುತ್ತದೆ. ಅನ್ನ ಉಂಡವರದು ಗದ್ದೆಯ ಹಾಗೆ ಬಾಗುತ್ತದೆ. ಇಡ್ಲಿ ತಿಂದವರ ಭತ್ತದ ಪೈರಿನ ಬುಡದಲ್ಲಿ ಉದ್ದಿನ ಗಿಡ ಇಣುಕುತ್ತದೆ. ಕೋಳಿಸಾರು ಉಂಡು ಹೊರಟವರ ಪಕ್ಕದಲ್ಲಿ ಹುಂಜವೊಂದು ಕತ್ತು ಕೊಂಕಿಸಿಕೊಂಡು ಹೋಗುವುದನ್ನು ಕಂಡು ಬೀದಿಯ ಮಕ್ಕಳು ಕೊಕ್ಕೊಕ್ಕೋ ಎಂದು ಕೂಗುತ್ತಾ ಹಿಂದೆ ಓಡುತ್ತವೆ. ಹೋಟೆಲಿನಲ್ಲಿ ಆಲೂಗೆಡ್ಡೆ ಬೋಂಡಾ ತಿಂದು, "ಯಾಕೋ ಹೊಟ್ಟೆ ಸರಿಯಿಲ್ಲ ಕಣೆ, ಊಟ ಬೇಡ" ಎನ್ನುತ್ತಾ ಮನೆಗೆ ಬಂದ ಗಂಡಂದಿರು ಅಂಗಳದಲ್ಲೇ ಸಿಕ್ಕಿಬೀಳುತ್ತಾರೆ. ನಮ್ಮೂರ ಗಂಡಸರು ಸುಳ್ಳು ಹೇಳುವುದು ಮೋಡ ಮುಚ್ಚಿದ ದಿನ ಮಾತ್ರ.

ಹೀಗೇಕೆ ಎಂದು ನಾನು ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳುತ್ತಿದ್ದೆ. ಅವಳು ಒಂದೊಂದು ಸಲ ಒಂದೊಂದು ಕಥೆ ಹೇಳುವಳು. ಒಂದರಲ್ಲಿ ಸೂರ್ಯನ ಹೆಂಡತಿ ಬರುವಳು, ಇನ್ನೊಂದರಲ್ಲಿ ತನ್ನ ನೆರಳನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟ ರಾಜಕುಮಾರಿ ಬರುವಳು. ಮೊನ್ನೆ ಬೇರೆ ಹೇಳಿದ್ದೆಯಲ್ಲ ಎಂದರೆ, "ಮೊನ್ನೆ ಬೇರೆ ಸಾರು ಮಾಡಿದ್ದೆ, ಇವತ್ತು ಬೇರೆ ಸಾರು" ಎನ್ನುವಳು. ಅವಳ ಹೆಸರು ಸಿಂಗಾರಮ್ಮ. ನನ್ನನ್ನು ಸಾಕಿ ಬೆಳೆಸಿದವಳು ಅವಳೇ. ವನಜ ಎಂದು ಹೆಸರಿಟ್ಟವಳೂ ಅವಳೇ.

ನಮ್ಮೂರಿನ ನೆರಳಿನ ಇನ್ನೊಂದು ಗುಣ ಹೇಳಿಬಿಡುತ್ತೇನೆ. ಅದು ಅಳತೆ ನೋಡುವುದಿಲ್ಲ. ಒಂದು ಹೋಳು ಮಾವಿನಹಣ್ಣು ತಿಂದರೂ ಬೀಳುವುದು ಇಡೀ ಮರದ ನೆರಳು, ಬುಟ್ಟಿ ಖಾಲಿ ಮಾಡಿದರೂ ಅಷ್ಟೇ ನೆರಳು. ಅದೂ ಸುಮ್ಮನೆ ಗೋಡೆಯ ಮೇಲಿನ ಚಿತ್ರವಲ್ಲ, ನಿಜವಾಗಿ ತಂಪು ಕೊಡುವ ನೆರಳು. ಆದರೆ ಅವರವರ ನೆರಳಲ್ಲಿ ಅವರೇ ಕೂರುವ ಹಾಗಿಲ್ಲವಲ್ಲ, ಪಕ್ಕದವರು ಕೂರಬೇಕು. ಅದಕ್ಕೇ ಬೇಸಿಗೆಯಲ್ಲಿ ಹೊಸದಾಗಿ ಮದುವೆಯಾದವರು ಒಬ್ಬರು ಮಾವು, ಒಬ್ಬರು ಹಲಸು ತಿಂದು ಎದುರುಬದುರು ಕೂತಿರುತ್ತಾರೆ. ಊರಿನ ಮರ್ಯಾದೆಯೆಲ್ಲ ಈ ದೊಡ್ಡ ನೆರಳಿನದೇ. ಹುಣಿಸೆ, ಹಲಸು, ಮಾವು, ನೆಲ್ಲಿ ಇವಕ್ಕೆ ಬೆಲೆ. ಸೀಬೆಹಣ್ಣನ್ನು ಮಾತ್ರ ಯಾರೂ ಮೂಸುವುದಿಲ್ಲ, ಅದರ ನೆರಳು ಪೀಚಲು. ನಿಂಬೆಯದು ಮುಳ್ಳು ಮುಳ್ಳು. ಹಸಿಮೆಣಸಿನಕಾಯಿಯದು ಮೊಣಕಾಲೆತ್ತರವೂ ಬರುವುದಿಲ್ಲ.

ಏನೂ ತಿನ್ನದಿದ್ದರೆ ಬೀಳುವುದು ಮನುಷ್ಯನ ನೆರಳು. ಎರಡು ಕೈ, ಎರಡು ಕಾಲು, ಒಂದು ತಲೆ. ಅದಕ್ಕೆ ನಾವು ಬರಿ ನೆರಳು ಎನ್ನುತ್ತೇವೆ. ಬೆಳಿಗ್ಗೆ ಏಳುವಾಗ ಎಲ್ಲರದೂ ಬರಿ ನೆರಳೇ, ಹಾಗಾಗಿ ಬಾಯಿಗೆ ಏನಾದರೂ ಹಾಕಿಕೊಳ್ಳದೆ ಯಾರೂ ಹೊಸ್ತಿಲು ದಾಟುವುದಿಲ್ಲ. ಬೀದಿಯಲ್ಲಿ ಬರಿ ನೆರಳು ಕಂಡರೆ ಆ ಮನೆಯವರು ಉಪವಾಸ ಕೆಡವಿದ್ದಾರೆ ಎಂದೇ ಅರ್ಥ. ಡಾಕ್ಟರ್ ಫಿಲೋಮಿನಾ ನಮ್ಮೂರಿಗೆ ಬಂದ ಮೊದಲ ದಿನ ಪಾಪ, ಬಸ್ಸಿನಿಂದ ಖಾಲಿ ಹೊಟ್ಟೆಯಲ್ಲಿ ಇಳಿದರು. ಸ್ಟ್ಯಾಂಡಿನಿಂದ ಆಸ್ಪತ್ರೆ ತಲುಪುವಷ್ಟರಲ್ಲಿ ಹಿಂದೆ ಒಂದು ಮೆರವಣಿಗೆ. ಒಬ್ಬರ ಕೈಯಲ್ಲಿ ಚಿತ್ರಾನ್ನ, ಒಬ್ಬರ ಕೈಯಲ್ಲಿ ಮೊಸರನ್ನ. "ಯಾರು ಹೆತ್ತ ಮಗಳೋ, ಹಿಂಗೆ ಬರಿ ನೆರಳಲ್ಲಿ ಕಳಿಸಿದ್ದಾರೆ" ಎಂದು ಎದುರುಮನೆ ಜಯಶೀಲಮ್ಮ ಕಣ್ಣೊರೆಸಿಕೊಂಡರಂತೆ.

ಈ ಊರಿನಲ್ಲಿ ನಮ್ಮಜ್ಜಿಯ ನೆಲ್ಲಿ ನೆರಳಿಗೆ ಒಂದು ಹೆಸರಿತ್ತು. ಕೈಯಲ್ಲಾಗುವ ತನಕ ಅವಳು ಸುಮ್ಮನೆ ಕೂತವಳಲ್ಲ. ಹಪ್ಪಳ ಲಟ್ಟಿಸಿದಳು, ಬಾಣಂತನ ಮಾಡಿದಳು, ಮದುವೆಮನೆಗಳಲ್ಲಿ ಒಲೆ ಮುಂದೆ ನಿಂತಳು. ಕೈ ನಡುಗಲು ಶುರುವಾದ ಮೇಲೆ ಒಂದೊಂದೇ ಕೆಲಸ ಬಿಟ್ಟುಹೋಯಿತು. ಉಳಿದದ್ದು ಜಗುಲಿ. ಒಣಗಿಸಿದ ನೆಲ್ಲಿಚೆಟ್ಟನ್ನು ನೀರಿಗೆ ಹಾಕಿ, ಅದು ಕಪ್ಪಗೆ ಇಂಗುವ ತನಕ ಗಂಟೆಗಟ್ಟಲೆ ಕುದಿಸಿ, ಬೆಲ್ಲ ಹಾಕದೆ ಕುಡಿದು ಬಂದು ಜಗುಲಿಯ ಮೇಲೆ ಕೂರುವಳು. ಕೂತ ಕ್ಷಣಕ್ಕೆ ಬೀದಿಯ ಮೇಲೆ ನೆಲ್ಲಿಮರ ಹರಡಿಕೊಳ್ಳುತ್ತಿತ್ತು. ಸಣ್ಣ ಸಣ್ಣ ಎಲೆ, ಜರಡಿ ಹಿಡಿದ ಹಾಗೆ ತೂರಿ ಬರುವ ಬಿಸಿಲಚುಕ್ಕಿ. ಆ ನೆರಳಲ್ಲಿ ಹೂವಿನ ಸಾಕಮ್ಮ ತನ್ನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದಳು. ಬೇಸಿಗೆಯಲ್ಲಿ ಮಲ್ಲಿಗೆ, ಕನಕಾಂಬರ ಎಲ್ಲ ಮಧ್ಯಾಹ್ನಕ್ಕೇ ಸೊರಗಿ ಹೋಗುವಾಗ ಸಾಕಮ್ಮನ ಬುಟ್ಟಿ ಮಾತ್ರ ಸಂಜೆಯವರೆಗೂ ಬೆಳಗಿನ ಹಾಗೆ ಇರುತ್ತಿತ್ತು. ಅಜ್ಜಿ ಮೇಲೆ, ಸಾಕಮ್ಮ ಕೆಳಗೆ, ಇಬ್ಬರ ಮಾತಿಗೆ ಕೊನೆಯಿಲ್ಲ.

"ಸಾಕೀ, ಇವತ್ತು ಎಷ್ಟು ಮೊಳ ಹೋಯ್ತೇ?"

"ನಿಮ್ಮ ಮರದ ದಯೆ ಅವ್ವಾ, ಬುಟ್ಟಿ ಅರ್ಧ ಆಯ್ತು."

ಅಷ್ಟು ಕೇಳಿದರೆ ನಮ್ಮಜ್ಜಿಗೆ ಅವತ್ತಿನ ದುಡಿಮೆ ಮುಗಿದ ಹಾಗೆ. ಒಳಗೆ ಬಂದು ಕಾಲು ನೀಡಿಕೊಂಡು, "ಇವತ್ತು ಭಾರಿ ಕೆಲಸ ಆಯ್ತು ಕಣೇ ಮಗಾ" ಎನ್ನುವಳು.

ಈ ಬೇಸಿಗೆ ಶುರುವಾಗುವ ಹೊತ್ತಿಗೆ ಅವಳ ಒಸಡಿನಲ್ಲಿ ರಕ್ತ ಜಿನುಗಲು ಶುರುವಾಯಿತು. ಮೊದಲೇ ಹಲ್ಲು ನಾಲ್ಕಾರು, ಅವೂ ಅಲ್ಲಾಡತೊಡಗಿದವು. ಊಟವೆಂದರೆ ಹಾಲನ್ನ, ಇಲ್ಲವೇ ಕಾಫಿಯಲ್ಲಿ ಅದ್ದಿದ ರಸ್ಕು. ಎಲ್ಲಾದರೂ ಸ್ವಲ್ಪ ತಾಕಿದರೆ ಮೈ ಮೇಲೆ ನೇರಳೆಹಣ್ಣು ಅರೆದ ಹಾಗೆ ಕಲೆ ಏಳುತ್ತಿತ್ತು. ಒಂದು ದಿನ ಮಣೆಯ ಅಂಚು ತಗುಲಿ ಕಣಕಾಲಿನ ಮೇಲೆ ತರಚಿತು. ಅರಿಶಿನ ಹಚ್ಚಿದೆವು. ಗಾಯ ಒಣಗಲೇ ಇಲ್ಲ. ದಿನದಿನಕ್ಕೂ ಬಾಯಿ ಬಿಡುತ್ತಾ ಹೋಯಿತು. ಅಜ್ಜಿ ಅದಕ್ಕೊಂದು ಬಟ್ಟೆ ಸುತ್ತಿ, ಗೋಡೆ ಹಿಡಿದುಕೊಂಡು ಜಗುಲಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ.

ನಾನೇ ಡಾಕ್ಟ್ರಮ್ಮನನ್ನು ಮನೆಗೆ ಕರೆತಂದೆ. ಅವರು ಅಜ್ಜಿಯ ಬಾಯಿ ನೋಡಿದರು, ಗಾಯ ನೋಡಿದರು, ಏನೇನು ತಿನ್ನುತ್ತೀರಿ ಎಂದು ಕೇಳಿದರು. ಆಮೇಲೆ, "ಅಜ್ಜಿ, ನಿಮ್ಮ ಮೈಯಲ್ಲಿ ವಿಟಮಿನ್ ಸಿ ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿಯಾಗಿದೆ. ಅದು ಹುಳಿಹಣ್ಣಲ್ಲಿ, ಸೀಬೇಲಿ, ನೆಲ್ಲಿಕಾಯಲ್ಲಿ ಇರುತ್ತೆ" ಎಂದರು.

ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಜಯಶೀಲಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಇದೇನು ಡಾಕ್ಟ್ರಮ್ಮ! ಬೀದಿ ತುಂಬ ನೆಲ್ಲಿಮರ ಹರಡ್ಕೊಂಡು ಕೂತಿರೋ ನಮ್ಮ ಸಿಂಗಾರಮ್ಮನಿಗೆ ನೆಲ್ಲಿ ಸತ್ವ ಇಲ್ಲ ಅಂತೀರಲ್ಲ. ಸಮುದ್ರಕ್ಕೆ ಉಪ್ಪು ಕಮ್ಮಿ ಆಗಿದೆ ಅಂದ ಹಾಗಾಯ್ತು."

"ಗಂಟೆಗಟ್ಟಲೆ ಕುದಿಸಿದ್ರೆ ಆ ಸತ್ವ ಸತ್ತೇ ಹೋಗುತ್ತೆ ಕಣ್ರೀ" ಎಂದರು ಡಾಕ್ಟ್ರಮ್ಮ.

"ಸತ್ತಿದ್ರೆ ಮರ ಎಲ್ಲಿಂದ ಬೀಳ್ತಿತ್ತು?" ಎಂದಳು ಅಜ್ಜಿ. ನನಗೂ ಆಗ ಅದು ಸರಿ ಎನಿಸಿತು. ನಮ್ಮೂರಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಅನಿಸುವುದೇ.

ಹಸಿ ನೆಲ್ಲಿಕಾಯಿಯ ಕಾಲ ಮುಗಿದುಹೋಗಿತ್ತು. ನಿಂಬೆಹುಳಿ ಬಿದ್ದರೆ ಒಸಡು ಬೆಂಕಿಯ ಹಾಗೆ ಉರಿಯುತ್ತಿತ್ತು. ಡಾಕ್ಟ್ರಮ್ಮ ಚೀಲದಿಂದ ಬಿಳಿ ಮಾತ್ರೆಯ ಪಟ್ಟಿ ತೆಗೆದರು. ಅಜ್ಜಿ ಅದನ್ನು ನೋಡಿದವಳೇ ಕೈ ಹಿಂದಕ್ಕೆಳೆದುಕೊಂಡಳು. ಬಿಳಿ ಮಾತ್ರೆ ನುಂಗಿದರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಬರಿ ನೆರಳು ಬೀಳುತ್ತದೆ. ಅದೂ ಹಠಮಾರಿ. ಮೇಲಿಂದ ಒಂದು ಬಾಳೆಗೊನೆಯನ್ನೇ ತಿಂದರೂ ಹೋಗುವುದಿಲ್ಲ, ರಾತ್ರಿ ನುಂಗಿ ಮಲಗಿದರೂ ಮರುದಿನದ ಹಗಲನ್ನೆಲ್ಲ ಮುಗಿಸಿಕೊಂಡೇ ಬಿಡುವುದು. ಜ್ವರದವರು ಹೇಗೂ ಹೊದ್ದು ಮಲಗಿರುತ್ತಾರೆ, ಅವರದು ನಡೆಯುತ್ತದೆ. ಜಗುಲಿಯ ಮೇಲೆ ಕೂರುವವರದು ನಡೆಯುವುದಿಲ್ಲ.

"ನೆರಳೇ ಇಲ್ಲದ್ದು ಮೈಗೆ ಹೆಂಗೆ ಹತ್ತುತ್ತೆ ತಾಯಿ? ನನಗೆ ಇದು ಬೇಡ" ಎಂದುಬಿಟ್ಟಳು ಅಜ್ಜಿ.

ಡಾಕ್ಟ್ರಮ್ಮ ನನ್ನನ್ನು ಹೊರಗೆ ಕರೆದರು. "ನೋಡು ವನಜ, ಇದು ಹೀಗೇ ಬೆಳೆದರೆ ಗಾಯ ಕೊಳೆಯುತ್ತೆ. ಆಮೇಲೆ ಅಜ್ಜಿ ನಡೆಯೋದು ಕನಸು" ಎಂದರು. ಅವರ ಕಾಲಬುಡದಲ್ಲಿ ಗೋಧಿಯ ಪೈರು ನೆಟ್ಟಗೆ ನಿಂತಿತ್ತು, ಬೆಳಿಗ್ಗೆ ಚಪಾತಿ ತಿಂದಿದ್ದರೇನೋ. ನಾನು ಆ ಪೈರನ್ನೇ ನೋಡುತ್ತಾ ನಿಂತೆ.

ಆದರೆ ನನಗೊಂದು ದಾರಿ ಇತ್ತು. ನಾನು ಕೆಲಸಕ್ಕೆ ಹೋಗುತ್ತಿದ್ದದ್ದು ಗುರುಶಾಂತಪ್ಪನವರ ಮಾತ್ರೆ ಕಾರ್ಖಾನೆಗೆ. ಕಾರ್ಖಾನೆ ಎಂದರೆ ಎರಡು ಕೋಣೆ, ಒಂದು ಅಂಗಳ. 'ಇಡೀ ನೆಲ್ಲಿ ಮಾತ್ರೆ: ಪುಡಿಯಲ್ಲ, ಪೂರ್ತಿ ಹಣ್ಣು' ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತಿತ್ತು. ಅದು ಪುಡಿ ಮಾಡಿಯೇ ಮಾಡಿದ ಮಾತ್ರೆ ಎಂಬುದು ಬೇರೆ ಮಾತು. ಒಳಕೋಣೆಯಲ್ಲಿ ಕಲಸುವ ಕೆಲಸ ಯಜಮಾನರದೇ, ಅಲ್ಲಿಗೆ ಬೇರೆ ಯಾರೂ ಹೋಗುವ ಹಾಗಿಲ್ಲ. ನಾವು ಹೆಂಗಸರು ಹೊರಗೆ ಕೂತು ಡಬ್ಬಿ ತುಂಬುವವರು. ಊರಿಗೆ ಹೋಗುವ ಡಬ್ಬಿಗೆ ಕೆಂಪು ಮುಚ್ಚಳ, ಹೊರಗಿನ ಪೇಟೆಗಳಿಗೆ ಹೋಗುವುದಕ್ಕೆ ಹಸಿರು ಮುಚ್ಚಳ. ನಮ್ಮೂರಲ್ಲಿ ಕೆಂಪು ಡಬ್ಬಿ ಬಿಸಿದೋಸೆಯ ಹಾಗೆ ಖರ್ಚಾಗುತ್ತಿತ್ತು. ಒಂದು ಮಾತ್ರೆ ನುಂಗಿದರೆ ಅರ್ಧ ಬೀದಿಗೆ ನೆರಳು!

ಕೆಂಪು ಡಬ್ಬಿಯೊಂದನ್ನು ತಂದು ಅಜ್ಜಿಗೆ ಕೊಟ್ಟೆ. ಅವಳು ಮಾತ್ರೆ ನುಂಗಿ ಜಗುಲಿಗೆ ಹೋದಳು, ಬಿತ್ತು ನೋಡಿ ಮರ! ಅಂಥ ನೆಲ್ಲಿಮರ ನಾನು ಕಾಡಿನಲ್ಲೂ ಕಂಡಿಲ್ಲ. ಬುಡದಲ್ಲಿ ಮಾತ್ರ ಬೆರಳು ಬಿಡಿಸಿದ ಅಂಗೈಯಂಥ ಎಲೆಗಳ ಗಿಡವೊಂದು ಒತ್ತಾಗಿ ಬೆಳೆದಿತ್ತು. "ಇದೇನೇ ಇದು, ಮರಗೆಣಸಿನ ಗಿಡ ಇದ್ದ ಹಾಗಿದೆ?" ಎಂದು ಅಜ್ಜಿ ಕೇಳಿದಳು. ಮಾರನೆಯ ದಿನ ಯಜಮಾನರನ್ನು ಕೇಳಿದೆ. "ಅಯ್ಯೋ, ಮರ ಅಂದ ಮೇಲೆ ಬುಡದಲ್ಲಿ ಹುಲ್ಲು ಕಳೆ ಇರಲ್ವೇನಮ್ಮಾ" ಎಂದರು. ಸಾಕಮ್ಮನಿಗಂತೂ ಖುಷಿಯೋ ಖುಷಿ. ಪಕ್ಕದಲ್ಲಿ ಸೊಪ್ಪಿನವಳನ್ನೂ ಕರೆದು ಕೂರಿಸಿಕೊಂಡಳು.

ಆ ಡಬ್ಬಿ ಮುಗಿಯುವ ಹೊತ್ತಿಗೆ ಅಜ್ಜಿಯ ಒಂದು ಹಲ್ಲು ರಸ್ಕಿನ ಜೊತೆಯಲ್ಲೇ ಬಂದುಬಿಟ್ಟಿತು. ಗಾಯದ ಅಂಚು ಕಪ್ಪಗಾಗಿತ್ತು. ಜಗುಲಿಗೆ ಅವಳು ನಡೆದು ಹೋಗುತ್ತಿರಲಿಲ್ಲ, ಕೂತಲ್ಲೇ ತೆವಳಿಕೊಂಡು ಹೋಗುತ್ತಿದ್ದಳು. ಹೊರಗೆ ಅಷ್ಟು ದೊಡ್ಡ ಮರ, ಅದರ ಬುಡದಲ್ಲಿ ಇಷ್ಟೇ ಇಷ್ಟು ಅಜ್ಜಿ. ನನಗೆ ನೋಡಲಾಗುತ್ತಿರಲಿಲ್ಲ. ಆ ಮರವೇ ಅವಳನ್ನು ಹೀರಿಕೊಂಡು ಬೆಳೆಯುತ್ತಿದೆ ಎಂದು ಹುಚ್ಚುಹುಚ್ಚಾಗಿ ಅನಿಸುತ್ತಿತ್ತು.

ಇನ್ನೊಂದು ಡಬ್ಬಿ ತರೋಣವೆಂದರೆ ಅವತ್ತು ಕೆಂಪು ಮುಚ್ಚಳದವೆಲ್ಲ ಖಾಲಿ. ಒಳಗಿರುವ ಮಾತ್ರೆ ಒಂದೇ, ಮುಚ್ಚಳ ಯಾವುದಾದರೇನು ಎಂದುಕೊಂಡು, ಪೇಟೆಗೆಂದು ಯಜಮಾನರು ಎತ್ತಿಟ್ಟಿದ್ದ ಹಸಿರು ಡಬ್ಬಿಯಲ್ಲೊಂದನ್ನು ತಂದೆ. ಬೆಳಿಗ್ಗೆ ಅಜ್ಜಿ ಅದರಿಂದ ಮಾತ್ರೆ ನುಂಗಿದಳು, ಹಾಲನ್ನ ಉಂಡಳು, ತೆವಳಿಕೊಂಡು ಜಗುಲಿ ಸೇರಿದಳು. ನಾನು ಒಳಗೆ ಪಾತ್ರೆ ತಿಕ್ಕುತ್ತಿದ್ದೆ. ಬೀದಿಯಲ್ಲಿ ಒಮ್ಮೆಲೇ ಸದ್ದಡಗಿತು. ಆಮೇಲೆ ಜಯಶೀಲಮ್ಮನ ಗಂಟಲು.

"ಅಯ್ಯಯ್ಯೋ, ವನಜಾ! ಬಾರೇ ಹೊರಗೆ! ಮುದುಕಿ ಹೊಟ್ಟೆಗೆ ಏನೂ ಹಾಕದೆ ಹೊರಗೆ ಕೂರಿಸಿದ್ದೀಯಲ್ಲೇ, ನಿನಗೇನು ಬಂತೇ ಕೇಡು!"

ಓಡಿಬಂದೆ. ಬೀದಿಯ ಮೇಲೆ ಮರವಿರಲಿಲ್ಲ. ಸಣ್ಣ ಗಂಟಿನ ತುರುಬು, ಬಾಗಿದ ಬೆನ್ನು, ಮೊಂಡು ಮೂಗು. ನಮ್ಮಜ್ಜಿಯ ಬರಿ ನೆರಳು. ಅವಳು ಅದನ್ನು ಸೆರಗಿನಿಂದ ಮುಚ್ಚಲು ನೋಡುತ್ತಿದ್ದಳು. ನೆರಳನ್ನು ಮುಚ್ಚುವುದು ಹೇಗೆ? ಸೆರಗು ಎತ್ತಿದಷ್ಟೂ ಅದರ ನೆರಳೂ ಎದ್ದು ನಿಲ್ಲುತ್ತಿತ್ತು. ಸಾಕಮ್ಮ ಬುಟ್ಟಿಯ ಮೇಲೆ ಒದ್ದೆಬಟ್ಟೆ ಎಳೆಯುತ್ತಾ ಆಕಾಶ ನೋಡಿದಳು, ಅಜ್ಜಿಯನ್ನು ನೋಡಿದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಬುಟ್ಟಿ ಎತ್ತಿಕೊಂಡಳು. "ಮಲ್ಲಿಗೆ ತಡೆಯಲ್ಲ ಅವ್ವಾ. ತಪ್ಪು ತಿಳ್ಕೋಬೇಡಿ. ಟೀ ಅಂಗಡಿಯೋನು ಹುಣಿಸೆಹಣ್ಣು ಚೀಪ್ತಾ ಕೂತಿರ್ತಾನಂತೆ, ಅಲ್ಲಿಗೆ ಹೋಗ್ತೀನಿ" ಎಂದು ಹೊರಟೇಬಿಟ್ಟಳು.

ನಾನು ಹಸಿರು ಡಬ್ಬಿ ಕೈಯಲ್ಲಿ ಹಿಡಿದು ಸೀದಾ ಗುರುಶಾಂತಪ್ಪನವರ ಮುಂದೆ ಹೋಗಿ ನಿಂತೆ.

ಅವರು ಡಬ್ಬಿ ನೋಡಿ ಹಣೆ ಚಚ್ಚಿಕೊಂಡರು. "ಇದನ್ನ್ಯಾಕೆ ಊರೊಳಗೆ ಬಿಚ್ಚಿದೆಯಮ್ಮಾ! ಇದು ಹೊರಗಿನೋರಿಗೆ."

"ಇದರಲ್ಲಿ ಏನಿದೆ?"

"ಬಿಳಿಪುಡಿ. ಡಾಕ್ಟ್ರಮ್ಮನ ಮಾತ್ರೇಲಿರೋದೇ. ಮೇಲೆ ಒಂದು ಚಿಟಿಕೆ ನೆಲ್ಲಿ."

"ಮತ್ತೆ ಕೆಂಪು ಡಬ್ಬೀಲಿ?"

"ಒಂದು ಚಿಟಿಕೆ ನೆಲ್ಲಿ. ಮಿಕ್ಕಿದ್ದು ಮರಗೆಣಸಿನ ಹಿಟ್ಟು." ನನ್ನ ಮುಖ ನೋಡಿ ಅವರು ಸ್ವರ ತಗ್ಗಿಸಿದರು. "ಕೂತ್ಕೊಳಮ್ಮಾ, ಸಿಟ್ಟಾಗಬೇಡ. ಹೊರಗಿನೋರ ನೆರಳು ಏನು ತಿಂದರೂ ಒಂದೇ ಥರ ಅಂತೆ, ಪಾಪ. ಅವರು ಮಾತ್ರೇನ ಮಿಷನ್ನಿಗೆ ಹಾಕಿ, ಸತ್ವ ಎಷ್ಟಿದೆ ತೋರಿಸು ಅಂತಾರೆ. ಹಣ್ಣನ್ನೇ ಅರೆದು ಅಷ್ಟು ಸತ್ವ ಅಷ್ಟು ಸಣ್ಣ ಮಾತ್ರೇಲಿ ಕೂರಿಸೋಕೆ ಆಗುತ್ತಾ? ಮಾತ್ರೆ ಅನ್ನೋದು ತೆಂಗಿನಕಾಯಷ್ಟು ಆಗುತ್ತೆ. ಅದಕ್ಕೆ ಬಿಳಿಪುಡಿ ಹಾಕ್ತೀನಿ. ನೀವು ಎಷ್ಟು ಮಾರು ನೆರಳು ಬೀಳುತ್ತೆ ಅಂತ ಕೇಳ್ತೀರಿ. ನಿಮಗೆ ಚಿಟಿಕೆ ಸಾಕು. ಅವರವರು ಕೇಳಿದ್ದು ಅವರವರಿಗೆ ಕೊಟ್ಟಿದ್ದೀನಪ್ಪ. ನನ್ನದೇನು ತಪ್ಪು?"

"ಎರಡೂ ಡಬ್ಬಿ ಮೇಲೆ ಇಡೀ ನೆಲ್ಲಿ ಅಂತ ಬರೆದಿದ್ದೀರಲ್ಲ ಯಜಮಾನ್ರೇ."

"ಅದೊಂದು ತಪ್ಪು" ಎಂದು ಒಪ್ಪಿಕೊಂಡು, ಬಾಗಿಲ ಕಡೆ ನೋಡಿ, "ಮೆತ್ತಗೆ ಮಾತಾಡಮ್ಮಾ" ಎಂದರು.

ಮೆತ್ತಗೆ ಮಾತಾಡುವ ಊರಲ್ಲ ನಮ್ಮದು. ನಾನು ಡಾಕ್ಟ್ರಮ್ಮನನ್ನು ಕರೆದುಕೊಂಡು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಮುಟ್ಟಿತ್ತು. ಜಯಶೀಲಮ್ಮ ತಮ್ಮ ಕಾಲಬುಡದಲ್ಲಿದ್ದ ಮರಗೆಣಸಿನ ಎಲೆಗಳನ್ನು ಚಪ್ಪಲಿಯಲ್ಲಿ ಒರೆಸಲು ನೋಡುತ್ತಾ, ಗುರುಶಾಂತಪ್ಪನವರ ಏಳು ತಲೆಮಾರನ್ನು ಜಾಲಾಡುತ್ತಿದ್ದರು. ಅಜ್ಜಿ ಜಗುಲಿಯಿಂದ ಒಳಗೆ ಬಂದು ಮೂಲೆ ಸೇರಿದ್ದಳು. ಮೂಲೆಯಲ್ಲಿ ಯಾರ ನೆರಳೂ ಕಾಣುವುದಿಲ್ಲ.

ಡಾಕ್ಟ್ರಮ್ಮ ಅವಳ ಮುಂದೆ ನೆಲದ ಮೇಲೇ ಕೂತರು. ಅಜ್ಜಿ, "ನಾನೊಂದು ಕೇಳ್ತೀನಿ. ಹಸಿ ನೆಲ್ಲಿಕಾಯೊಳಗಿರೋ ನಿಮ್ಮ ಆ ಸಿ, ಈ ಬಿಳಿಪುಡಿ ಸಿ, ಎರಡೂ ಒಂದೇನಾ? ಸುಳ್ಳು ಹೇಳಬಾರದು" ಎಂದಳು.

"ಒಂದೇ ಅಜ್ಜಿ. ಎರಡನ್ನೂ ಪಕ್ಕದಲ್ಲಿಟ್ರೆ ಗುರುತು ಹಿಡಿಯೋಕಾಗಲ್ಲ. ಹಣ್ಣಲ್ಲಿ ಅದರ ಜೊತೆ ನಾರು, ರಸ, ಇನ್ನೂ ಏನೇನೋ ಬಂಧುಬಳಗ ಬರುತ್ತೆ, ಅದಕ್ಕೆ ಆದಷ್ಟೂ ಹಣ್ಣೇ ತಿನ್ನಿ ಅನ್ನೋದು. ಪುಡಿ ಒಂಟಿಯಾಗಿ ಬರುತ್ತೆ. ಆದ್ರೆ ಗಾಯ ಕೂಡಿಸೋ ಕೆಲಸಾನ ಎರಡೂ ಒಂದೇ ಥರ ಮಾಡುತ್ತೆ. ನಿಮಗೆ ಈಗ ಬೇಕಿರೋದು ಆ ಕೆಲಸ."

"ಇದು ಹುಟ್ಟಿದ್ದೆಲ್ಲಿ? ಇದಕ್ಕೊಂದು ತಾಯಿ ಅಂತ ಇರಬೇಕಲ್ಲ."

"ಕಾರ್ಖಾನೇಲಿ. ಮುಸುಕಿನಜೋಳದಿಂದ ಸಕ್ಕರೆ ತೆಗೆದು, ಅದರಿಂದ ಮಾಡ್ತಾರೆ."

"ಮತ್ತೆ ಜೋಳದ ದಂಟಿನ ನೆರಳಾದ್ರೂ ಬೀಳಬೇಕಿತ್ತು!"

"ದಾರೀಲಿ ಎಷ್ಟೋ ಕೈ ದಾಟಿ ಬಂದಿದೆ. ಮರೆತುಬಿಟ್ಟಿರಬೇಕು" ಎಂದು ಡಾಕ್ಟ್ರಮ್ಮ ನಕ್ಕರು.

ಅಜ್ಜಿ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿದಳು. "ದೂರದೂರಿನ ಸೊಸೆ ಥರ ಅನ್ನಿ. ತವರಿನ ಮಾತೇ ಎತ್ತಲ್ಲ, ಆದ್ರೆ ಮನೆಕೆಲಸ ಬಗ್ಗಿ ಮಾಡ್ತಾಳೆ. ಅಂಥೋರನ್ನ ನಾನು ಕಂಡಿಲ್ವಾ. ನಾನೇ ಹಂಗೆ ಬಂದೋಳು." ಇಷ್ಟು ಹೇಳಿ ಮಾತ್ರೆಯನ್ನು ನುಂಗುತ್ತಾಳೆ ಎಂದುಕೊಂಡರೆ, ಅವಳು ಅದನ್ನು ನನ್ನ ಕೈಗೆ ವಾಪಸು ಕೊಟ್ಟಳು. ಡಾಕ್ಟ್ರಮ್ಮ ಹೋದ ಮೇಲೆ ಗೋಡೆ ಕಡೆ ತಿರುಗಿ ಕೂತು ಹೇಳಿದಳು. "ಇದು ಕೆಲಸ ಮಾಡುತ್ತೆ ಮಗಾ, ನಂಬ್ತೀನಿ. ಆದ್ರೆ ನನ್ನ ಕೆಲಸ ಹೋಗುತ್ತಲ್ಲೇ. ಹಪ್ಪಳ ಲಟ್ಟಿಸೋಕಾಗಲ್ಲ, ಒಂದು ಬಿಂದಿಗೆ ಎತ್ತೋಕಾಗಲ್ಲ. ಕೂತಲ್ಲೇ ಕೂತು ಒಬ್ಬಳ ಹೂವು ಬಾಡದ ಹಾಗೆ ನೋಡ್ಕೊಳ್ತಿದ್ದೆ. ಅದೂ ಹೋದ್ರೆ ನಾನ್ಯಾಕೆ ಬೆಳಿಗ್ಗೆ ಏಳಬೇಕು ಹೇಳು."

ಅವಳ ಯಾವ ಕಥೆಯಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ನಾನು ಅವಳ ಕಾಲಿನ ಬಟ್ಟೆ ಬಿಚ್ಚಿ ಗಾಯ ತೊಳೆಯತೊಡಗಿದೆ. ನನ್ನ ಕಣ್ಣೀರು ಗಾಯದ ಮೇಲೆ ಬಿತ್ತು ಎಂದು ಕಾಣುತ್ತದೆ, ಅಜ್ಜಿ "ಹಾ!" ಎಂದು ಕಾಲೆಳೆದುಕೊಂಡಳು.

"ಉರಿಯುತ್ತಲ್ಲೇ, ಉಪ್ಪುನೀರು ಸುರೀತೀಯ!"

"ಈ ಕಾಲು ಹೋದ್ರೆ ನಿನ್ನನ್ನ ಜಗುಲಿಗೆ ಹೊತ್ಕೊಂಡು ಹೋಗೋರು ಯಾರು? ನಾನಂತೂ ಹೊರಲ್ಲ" ಎಂದು ರೇಗಿದೆ. "ಮೂಲೇಲಿ ಕೂತು ನೆಲ್ಲಿ ಕುಡಿ. ಜಿರಳೆಗಳಿಗೆ ನೆರಳಾಗುತ್ತೆ."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಒಸಡಿನಿಂದ ರಕ್ತ ಬಂತು. ಅದನ್ನು ಒರೆಸಿಕೊಂಡು, ಬೆರಳಿಗಂಟಿದ ಕೆಂಪನ್ನೇ ನೋಡುತ್ತಾ ಕೂತಿದ್ದು, "ಕೊಡು ಇಲ್ಲಿ, ದೂರದೂರಿನ ಸೊಸೇನ" ಎಂದಳು.

ಅವತ್ತಿನಿಂದ ಅಜ್ಜಿ ಬಿಳಿ ಮಾತ್ರೆ ನುಂಗಿದಳು, ಜಗುಲಿಗೆ ಮಾತ್ರ ಹೋಗಲಿಲ್ಲ. ನಡುಮನೆಯಲ್ಲಿ ಕೂತು, ಟೀ ಅಂಗಡಿಯ ಕಡೆಯಿಂದ ಬರುವ "ಮಲ್ಲಿಗೇ, ಕನಕಾಂಬರಾ" ಎಂಬ ಕೂಗಿಗೆ ಕಿವಿಗೊಟ್ಟಿರುತ್ತಿದ್ದಳು. ನಾನು ನೆಲ್ಲಿ ಕುಡಿದು ಜಗುಲಿಯ ಮೇಲೆ ಕೂರುತ್ತೇನೆ, ಸಾಕಮ್ಮನನ್ನು ಕರೆಯಲಾ ಎಂದರೆ, "ನಿನಗೆ ಬೇರೆ ಕೆಲಸ ಇಲ್ವಾ" ಎಂದು ಗದರುತ್ತಿದ್ದಳು. ಮೊದಲು ನಿಂತದ್ದು ಒಸಡಿನ ರಕ್ತ. ಆಮೇಲೆ ಮೈಮೇಲಿನ ಕಲೆಗಳು ಹಳದಿಯಾಗಿ, ಹಸಿರಾಗಿ, ಎಲ್ಲಿದ್ದವು ಎಂದು ಕೇಳುವ ಹಾಗೆ ಮಾಯವಾದವು. ಗಾಯದ ಅಂಚು ಗುಲಾಬಿ ಬಣ್ಣಕ್ಕೆ ತಿರುಗಿ ಒಳಕ್ಕೆ ಸರಿಯತೊಡಗಿತು. ಬಾಯಿಯ ಉರಿ ಇಳಿದ ಮೇಲೆ ಡಾಕ್ಟ್ರಮ್ಮ ಸೀಬೆಹಣ್ಣು ತಂದುಕೊಟ್ಟರು. ಅದನ್ನು ಎರಡು ಹೋಳು ಮಾಡಿ ಚಮಚದಲ್ಲಿ ಕೆರೆದು ಕೆರೆದು ತಿನ್ನುವುದನ್ನು ಅಜ್ಜಿ ಕಲಿತಳು. "ಇಷ್ಟು ರುಚಿ ಇಟ್ಕೊಂಡು ಇಷ್ಟು ಪೀಚಲು ನೆರಳು ಯಾಕೋ ನಿನಗೆ" ಎಂದು ಹಣ್ಣನ್ನೇ ಕೇಳುವಳು. ಒಂದು ಬೆಳಿಗ್ಗೆ ಗೋಡೆ ಹಿಡಿಯದೆ ಹಿತ್ತಲಿಗೆ ಹೋಗಿ ಬಂದಳು. ಮರುದಿನ ಬಿಂದಿಗೆಯಲ್ಲಿ ಅರ್ಧ ನೀರು ಎತ್ತಿದಳು, ನಾನು ಬೈದೆ.

ಕಾರ್ಖಾನೆಯಲ್ಲಿ ಗುರುಶಾಂತಪ್ಪನವರು ಡಬ್ಬಿಯ ಮೇಲಿನ ಅಕ್ಷರ ಬದಲಾಯಿಸಿದ್ದರು. ಹಸಿರು ಡಬ್ಬಿಯ ಮೇಲೆ 'ಬಿಳಿಪುಡಿ, ಜೊತೆಗೆ ಚೂರು ನೆಲ್ಲಿ' ಎಂದೂ, ಕೆಂಪಿನ ಮೇಲೆ 'ನೆರಳಿಗೆ ಮಾತ್ರ' ಎಂದೂ ಬರೆಸಿದರು. ಕೆಂಪು ಡಬ್ಬಿ ಮೊದಲಿಗಿಂತ ಹೆಚ್ಚು ಖರ್ಚಾಗತೊಡಗಿತು. ನಮ್ಮೂರು ಹಾಗೆಯೇ.

ಅವತ್ತು ನಾನು ಕೆಲಸ ಮುಗಿಸಿ ಸ್ವಲ್ಪ ಬೇಗ ಹೊರಟಿದ್ದೆ. ಬಿಸಿಲು ಇನ್ನೂ ಚುರುಕಾಗಿತ್ತು, ನೆರಳುಗಳು ಉದ್ದವಾಗುವ ಹೊತ್ತು. ಟೀ ಅಂಗಡಿಯ ಮುಂದೆ ಏನೋ ಜಗಳದ ಹಾಗೆ ಕೇಳಿಸಿತು. ಅಂಗಡಿಯವನು ಅವತ್ತು ಹುಣಿಸೆಹಣ್ಣು ಮರೆತು, ಬಂದ ನೆಂಟರ ಜೊತೆ ಪೂರಿ ಸಾಗು ತಿಂದು ಕೂತುಬಿಟ್ಟಿದ್ದ. ಮರವಿದ್ದ ಜಾಗದಲ್ಲಿ ಗೋಧಿ ಪೈರೂ ಆಲೂಗೆಡ್ಡೆ ಗಿಡವೂ ಮೊಣಕಾಲೆತ್ತರಕ್ಕೆ ನಿಂತಿದ್ದವು. ಸಾಕಮ್ಮ ಬುಟ್ಟಿಯನ್ನು ಅವನ ಕಡೆ ತೋರಿಸುತ್ತಾ, "ನೋಡಯ್ಯಾ, ನೋಡು ನನ್ನ ಮಲ್ಲಿಗೆ ಗತಿ. ಒಂದು ಹುಣಿಸೇಬೀಜ ಚೀಪೋಕೂ ಬಡತನ ಬಂತಾ ನಿನಗೆ?" ಎಂದು ಕೂಗುತ್ತಿದ್ದಳು. ಅವನು ಕೈಯಾಡಿಸುತ್ತಾ, "ನಾಳೆ ಚೀಪ್ತೀನಿ ಬಿಡು ತಾಯಿ" ಎನ್ನುತ್ತಿದ್ದ.

ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಒಂದು ಬರಿ ನೆರಳು ಬಂತು.

ನಾನು ಮೊದಲು ನೆರಳನ್ನು ನೋಡಿದೆ, ಆಮೇಲೆ ಅಜ್ಜಿಯನ್ನು. ಅವಳು ಕೋಲೂ ಹಿಡಿದಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಪ್ಪಳ ಲಟ್ಟಿಸುವ ಕಾಲದಲ್ಲಿ ನಡೆಯುತ್ತಿದ್ದ ಹಾಗೆ, ಬೀದಿಯ ನಟ್ಟನಡುವೆ ನಡೆದು ಬರುತ್ತಿದ್ದಳು. ಮನೆಮನೆಯ ಬಾಗಿಲಲ್ಲಿ ತಲೆಗಳು ಇಣುಕಿದವು. ಜಯಶೀಲಮ್ಮ ಅವಳ ಹಿಂದೆಯೇ ಓಡೋಡಿ ಬರುತ್ತಿದ್ದರು.

"ಏನ್ರೀ ಸಿಂಗಾರಮ್ಮ, ಹಾಡಹಗಲಲ್ಲಿ ಬರಿ ನೆರಳು ಎಳ್ಕೊಂಡು ಬೀದಿಗೆ ಬಂದುಬಿಟ್ರಲ್ಲ! ನಿಮ್ಮ ನೆಲ್ಲಿಮರ ಎಲ್ಲಿ?"

"ಮರಕ್ಕೆ ಕಾಲಿರಲ್ಲ ಕಣೇ ಜಯಶೀಲಾ" ಎಂದಳು ಅಜ್ಜಿ, ನಿಲ್ಲದೆ. "ಅದಕ್ಕೇ ಬಿಟ್ಟು ಬಂದೆ."

ಬಂದವಳು ಸಾಕಮ್ಮನ ಮುಂದೆ ನಿಂತಳು. ನೆರಳು ಸಾಕಮ್ಮನ ತಲೆಯ ಮೇಲೆ ಬಿತ್ತು. ಅಜ್ಜಿ ಒಮ್ಮೆ ಸೂರ್ಯನನ್ನು ನೋಡಿ, ಒಮ್ಮೆ ನೆಲ ನೋಡಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಬಾಗಿದ ಬೆನ್ನು, ಗಂಟಿನ ತುರುಬು, ಅಗಲ ಭುಜ ಎಲ್ಲ ಸೇರಿ ಸರಿಯಾಗಿ ಬುಟ್ಟಿಯನ್ನು ಮುಚ್ಚಿತು. ಬುಟ್ಟಿಗಿಂತ ಒಂದಂಗುಲ ಹೆಚ್ಚಿಲ್ಲ. ಸೊಪ್ಪಿನವಳಿಗೆ ಅದರಲ್ಲಿ ಜಾಗವಿರಲಿಲ್ಲ, ಸಾಕಮ್ಮನಿಗೂ ಇರಲಿಲ್ಲ. ಹೂವಿಗಿತ್ತು.

ಸಾಕಮ್ಮ ಬುಟ್ಟಿಯ ಮೇಲಿನ ಒದ್ದೆಬಟ್ಟೆಯನ್ನು ಸರಿಸಿದಳು. ಟೀ ಅಂಗಡಿಯವನು ಸ್ಟೂಲು ತಂದಿಟ್ಟ. ಅಜ್ಜಿ ಅದನ್ನು ಕಾಲಿನಿಂದ ಅತ್ತ ನೂಕಿದಳು. ಕೂತರೆ ನೆರಳು ಸಾಲುವುದಿಲ್ಲವಲ್ಲ.

ನಾನು ಹತ್ತಿರ ಹೋದೆ. "ಕಾಲು ನೋಯಲ್ವಾ ಅಜ್ಜಿ?"

"ಕೆಲಸದ ಹೊತ್ತಲ್ಲಿ ಮಾತಾಡಿಸಬೇಡ" ಎಂದಳು.

ಗಿರಾಕಿಗಳು ಬಂದರು, ಹೋದರು. ಎಲ್ಲರೂ ಅಜ್ಜಿಯ ಕಾಲಬುಡ ನೋಡಿದರು, ಬಾಯಿಗೆ ಬಂದದ್ದನ್ನು ನುಂಗಿಕೊಂಡು ಹೂವು ತೆಗೆದುಕೊಂಡರು. ಜಯಶೀಲಮ್ಮನೂ ಒಂದು ಮೊಳ ತೆಗೆದುಕೊಂಡರು. ಬಿಸಿಲು ಮೆಲ್ಲಗೆ ಜರುಗುತ್ತಿತ್ತು, ಬುಟ್ಟಿಯ ಒಂದಂಚು ಮಿನುಗತೊಡಗಿತು.

"ಅವ್ವಾ," ಎಂದಳು ಸಾಕಮ್ಮ ಹಳೆಯ ಗಂಟಲಿನಲ್ಲೇ, "ಒಂಚೂರು ಎಡಕ್ಕೆ. ಕನಕಾಂಬರದ ಮೇಲೆ ಬಿಸಿಲು."

"ಬಂದೆ ಇರೇ ಮಾರಾಯ್ತಿ, ಎಷ್ಟು ಕೆಲಸ ಅಂತ ಹೇಳ್ತೀಯ" ಎಂದು ಗೊಣಗುತ್ತಾ ಅಜ್ಜಿ ಎಡಕ್ಕೆ ಸರಿದಳು.